ಎರಡನೇ ಬೇಸ್ ಮುಟ್ಟಿದೆಯಾ?

‘ಸರ್, ರನ್ ಮೊದಲು ಬಂತು, ಔಟ್ ಆಮೇಲೆ ಆಯ್ತು. ಬಂದ ರನ್ ಹೇಗೆ ಕಿತ್ಕೋತೀರಿ?’

ಶಾಲಾ ಸಾಫ್ಟ್‌ಬಾಲ್ ಪಂದ್ಯಗಳಿಗೆ ಅಂಪೈರ್ ಆಗಿ ನಿಂತಾಗ ಈ ಜಗಳ ತಪ್ಪಿದ್ದಲ್ಲ. ಆಡುವ ಮಕ್ಕಳಿಗಿಂತ ಬೇಲಿಯಾಚೆ ನಿಂತ ಅಪ್ಪಂದಿರದ್ದೇ ಜಾಸ್ತಿ. ಅವರಿಗೆ ನಾನು 1908ರ ಅಮೆರಿಕದ ಬೇಸ್‌ಬಾಲ್ ಕಥೆ ಹೇಳುತ್ತೇನೆ. ಎರಡೂ ಆಟಗಳಲ್ಲಿ ಮೂರು ಬೇಸ್ ಮುಟ್ಟಿ, ಹೊರಟ ಜಾಗವಾದ ಹೋಂಗೆ ಮರಳಿದರೆ ಒಂದು ರನ್; ಮೂವರು ಔಟಾದರೆ ಆ ತಂಡದ ಸರದಿ ಮುಗಿಯಿತು.

ಆ ವರ್ಷ ನ್ಯಾಷನಲ್ ಲೀಗ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್, ಷಿಕಾಗೊ ಕಬ್ಸ್, ಪಿಟ್ಸ್‌ಬರ್ಗ್ ಪೈರೇಟ್ಸ್ ನಡುವೆ ಕತ್ತುಕತ್ತಿನ ಪೈಪೋಟಿ. ಸೆಪ್ಟೆಂಬರ್ 23, ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್. ಜೈಂಟ್ಸ್, ಕಬ್ಸ್ 1-1 ಸಮ. ಕೊನೆಯ, ಅಂದರೆ ಒಂಬತ್ತನೇ ಇನ್ನಿಂಗ್; ಜೈಂಟ್ಸ್ ಬ್ಯಾಟಿಂಗ್, ಎರಡು ಔಟ್. ಮೂರನೇ ಬೇಸ್‌ನಲ್ಲಿ ಮೆಕಾರ್ಮಿಕ್, ಮೊದಲನೆಯದರಲ್ಲಿ 19 ವರ್ಷದ ಫ್ರೆಡ್ ಮರ್ಕಲ್. ಕಾಯಂ ಆಟಗಾರ ಟೆನಿಗೆ ಸೊಂಟನೋವು ಅಂತ ಈ ಹುಡುಗನಿಗೆ ಅವಕಾಶ ಸಿಕ್ಕಿತ್ತು. ಬ್ರಿಡ್‌ವೆಲ್ ಚೆಂಡನ್ನು ಸೆಂಟರ್‌ಗೆ ಹೊಡೆದ. ಮೆಕಾರ್ಮಿಕ್ ಹೋಂ ಮುಟ್ಟಿದ. ಜನ ಮೈದಾನಕ್ಕೆ ನುಗ್ಗಿದರು. ಅರ್ಧ ದಾರಿ ಓಡಿದ್ದ ಮರ್ಕಲ್, ಗೆದ್ದೆವಲ್ಲ ಅಂತ ಡ್ರೆಸಿಂಗ್ ರೂಮಿನ ಕಡೆ ತಿರುಗಿಬಿಟ್ಟ.

ಇಲ್ಲಿ ಸ್ವಲ್ಪ ನಿಲ್ಲಿ. ಚೆಂಡು ಹೊಡೆದವನು ಮೊದಲ ಬೇಸ್‌ಗೆ ಬರಲೇಬೇಕು. ಒಂದು ಬೇಸ್‌ನಲ್ಲಿ ಇಬ್ಬರಿಗೆ ಜಾಗವಿಲ್ಲ. ಹಾಗಾಗಿ ಅಲ್ಲಿದ್ದವನು ಎರಡನೆಯದಕ್ಕೆ ಹೋಗಲೇಬೇಕು. ಅವನಿಗಿಂತ ಮೊದಲು ಎದುರಾಳಿ ಚೆಂಡು ಹಿಡಿದು ಆ ಬೇಸ್ ಮುಟ್ಟಿದರೆ ಫೋರ್ಸ್ ಔಟ್. ಮೂರನೇ ಔಟ್ ಹೀಗಾದರೆ ಆ ಹೊಡೆತಕ್ಕೆ ರನ್ನೇ ಇಲ್ಲ. ಹೋಂ ಮುಟ್ಟಿ ಎಷ್ಟು ಹೊತ್ತಾಗಿದೆ ಅನ್ನುವ ಲೆಕ್ಕವೇ ಬರುವುದಿಲ್ಲ. ಕ್ರಿಕೆಟ್‌ನಲ್ಲಿ ಒಬ್ಬ ತನ್ನ ಕ್ರೀಸ್ ತಲುಪಿದರೂ ಜೊತೆಗಾರ ರನ್‌ಔಟ್ ಆದರೆ ಆ ರನ್ ಸಿಗುವುದಿಲ್ಲ, ಅಲ್ವಾ? ಅದನ್ನು ಒಪ್ಪುವ ಅಪ್ಪಂದಿರು ಇದನ್ನು ಯಾಕೆ ಒಪ್ಪುವುದಿಲ್ಲವೋ! ಒಂದು ಮಾತು: ಫೋರ್ಸ್ ಇಲ್ಲದ, ಅಂದರೆ ಮುಂದೆ ಹೋಗಲೇಬೇಕಿಲ್ಲದ ರನ್ನರ್ ಮೂರನೆಯವನಾಗಿ ಔಟಾದರೆ ರನ್ ಮೊದಲಾ ಔಟ್ ಮೊದಲಾ ಅಂತ ನಾವು ನೋಡಲೇಬೇಕು. ಎರಡನ್ನೂ ಕಲಸಬೇಡಿ.

ಕಬ್ಸ್‌ನ ಜಾನಿ ಎವರ್ಸ್‌ಗೆ ಇದು ಬಾಯಿಪಾಠ. ಸೆಪ್ಟೆಂಬರ್ 4ರಂದು ಪಿಟ್ಸ್‌ಬರ್ಗ್‌ನಲ್ಲಿ ಇದೇ ತಕರಾರು ತೆಗೆದಿದ್ದ. ಒಬ್ಬನೇ ನಿಂತಿದ್ದ ಅಂಪೈರ್ ಹ್ಯಾಂಕ್ ಒಡೇ, ನಾನು ನೋಡಲಿಲ್ಲ ಅಂದಿದ್ದ. ಈ ಸಲವೂ ಅದೇ ಒಡೇ, ಆದರೆ ಕಣ್ಣಿಟ್ಟಿದ್ದ. ಎವರ್ಸ್ ಒಂದು ಚೆಂಡು ಹಿಡಿದು ಎರಡನೇ ಬೇಸ್ ಮುಟ್ಟಿದ. ಜನಜಂಗುಳಿಯಲ್ಲಿ ಚೆಂಡು ಎಲ್ಲಿ ಹೋಯಿತು, ಎವರ್ಸ್ ಹಿಡಿದದ್ದು ಅದೇ ಚೆಂಡಾ ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಕಥೆ. ಒಡೇ ಮಾತ್ರ ಮರ್ಕಲ್ ಔಟ್ ಎಂದ. ಪಂದ್ಯ ಸಮವೆಂದಾಯಿತು.

ಲೀಗ್ ಕೊನೆಗೆ ಜೈಂಟ್ಸ್, ಕಬ್ಸ್ ಸರಿಸಮ ನಿಂತವು. ಅಕ್ಟೋಬರ್ 8ರಂದು ಮತ್ತೆ ಆಡಿದರು. ಕಬ್ಸ್ 4-2ರಿಂದ ಗೆದ್ದಿತು, 99 ಗೆಲುವು. ಉಳಿದ ಎರಡಕ್ಕೂ 98.

ಮರ್ಕಲ್‌ಗೆ ‘ಬೋನ್‌ಹೆಡ್’, ಅಂದರೆ ಪೆದ್ದ, ಅನ್ನುವ ಹೆಸರು ಜೀವಮಾನಕ್ಕೆ ಅಂಟಿತು. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಸೆಪ್ಟೆಂಬರ್ 23ರ ಪಂದ್ಯದ ನಂತರ ಫಿಲಡೆಲ್ಫಿಯಾದ ಕೊವಲೆಸ್ಕಿ ಅನ್ನುವ ಹೊಸ ಪಿಚರ್ (ಚೆಂಡೆಸೆಯುವವನು) ಐದೇ ದಿನಗಳಲ್ಲಿ ಜೈಂಟ್ಸ್ ತಂಡವನ್ನು ಮೂರು ಸಲ ಸೋಲಿಸಿದ. ಅವತ್ತು ಸೋತವರನ್ನು ಯಾರೂ ಬೈಯಲಿಲ್ಲ. ಜೈಂಟ್ಸ್ ಮ್ಯಾನೇಜರ್ ಮೆಗ್ರಾ ಮಾತ್ರ ಹುಡುಗನ ಕೈ ಬಿಡಲಿಲ್ಲ.

ಹೋದ ವರ್ಷ ಒಂದು ಪಂದ್ಯದಲ್ಲಿ ಗೆಲುವಿನ ರನ್ ಬಂದು ಎಲ್ಲರೂ ತಬ್ಬಿಕೊಂಡು ಕುಣಿಯುತ್ತಿದ್ದರು. ಒಬ್ಬಳು ಹುಡುಗಿ ಮಾತ್ರ ಎರಡನೇ ಬೇಸ್ ಮೇಲೆ ಎರಡೂ ಕಾಲಿಟ್ಟು ನಿಂತು ನನ್ನನ್ನು ಕೂಗಿದಳು. ‘ಸರ್, ಮುಟ್ಟಿದೀನಿ, ನೋಡಿದ್ರಾ?’

ನೋಡಿದ್ದೆ.