ಪಿಷ್ಟ ಕಾರಿಗೆ, ಉಳಿದದ್ದು ಹಂದಿಗೆ

ಅಮೆರಿಕದ ಅಯೋವಾ ರಾಜ್ಯದಲ್ಲಿ ಜನರಿಗಿಂತ ಹಂದಿಗಳೇ ಜಾಸ್ತಿ. ಪೆಟ್ರೋಲಿಗೆ ಬೆರೆಸುವ ಎಥನಾಲ್ ತಯಾರಿಕೆಯಲ್ಲೂ ಆ ದೇಶಕ್ಕೆ ಅದೇ ಮೊದಲು. ಎರಡಕ್ಕೂ ಬೇಕಾದದ್ದು ಮೆಕ್ಕೆಜೋಳ. ಹಾಗಾದರೆ ಹಂದಿಯ ಬಾಯಿಂದ ಕಿತ್ತು ಕಾರಿಗೆ ಸುರಿದಂತೆ ಆಯ್ತಲ್ವಾ? ಪೂರ್ತಿ ಹಾಗೇನಿಲ್ಲ. ಕಾರಿಗೆ ಹೋಗುವುದು ಜೋಳದ ಪಿಷ್ಟ ಮಾತ್ರ.

ಕಾರ್ಖಾನೆಯಲ್ಲಿ ಜೋಳವನ್ನು ಪುಡಿ ಮಾಡಿ, ನೀರಲ್ಲಿ ಬೇಯಿಸಿ, ಕಿಣ್ವ ಹಾಕಿ ಪಿಷ್ಟವನ್ನು ಸಕ್ಕರೆ ಮಾಡುತ್ತಾರೆ. ಯೀಸ್ಟ್ ಆ ಸಕ್ಕರೆ ತಿಂದು ಎಥನಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಕೊಡುತ್ತದೆ. 100 ಕಿಲೋ ಜೋಳಕ್ಕೆ ಸುಮಾರು 40 ಲೀಟರ್ ಎಥನಾಲ್. ಭಟ್ಟಿ ಇಳಿಸಿದ ಮೇಲೆ ಉಳಿದ ಗಷ್ಟನ್ನು ಒಣಗಿಸಿದರೆ ಸುಮಾರು 30 ಕಿಲೋ ಪುಡಿ ಸಿಗುತ್ತದೆ. ಮೇವಿನ ವ್ಯಾಪಾರದಲ್ಲಿ ಇದಕ್ಕೆ ಡಿಡಿಜಿಎಸ್ ಅಂತಾರೆ.

ಪಿಷ್ಟ ಹೋಯಿತು, ಮಿಕ್ಕಿದ್ದೆಲ್ಲ ಸುಮಾರು ಮೂರು ಪಟ್ಟು ಗಟ್ಟಿಯಾಯಿತು. ಜೋಳದಲ್ಲಿ ಶೇ. 8ರಷ್ಟಿದ್ದ ಪ್ರೋಟೀನ್ ಪುಡಿಯಲ್ಲಿ ಶೇ. 27ರ ಆಸುಪಾಸು. ನಾರೂ ಹಾಗೇ ಏರುತ್ತದೆ. ಜೋಳಕ್ಕೆ ಬೂಷ್ಟು ಹಿಡಿದಿದ್ದರೆ ಅದರ ವಿಷವೂ ಅಷ್ಟೇ ಪಟ್ಟು. ಒಳ್ಳೆಯದು ಮಾತ್ರ ಉಳಿಯಲಿ ಅಂದರೆ ಆಗುವ ಮಾತಲ್ಲ.

ಪ್ರೋಟೀನ್ ಅಂಕಿ ನೋಡಿ ಮರುಳಾಗಬಾರದು. ಹಂದಿ ಮೈ ಬೆಳೆಸಲು ಲೈಸಿನ್ ಎಂಬ ಅಮೈನೋ ಆಮ್ಲ ಬೇಕು, ಜೋಳದಲ್ಲಿ ಅದು ಮೊದಲೇ ಕಮ್ಮಿ. ಮೇಲಿಂದ ಒಣಗಿಸುವಾಗ ಬಿಸಿ ಅತಿಯಾದರೆ ಲೈಸಿನ್ ಸಕ್ಕರೆಗೆ ಅಂಟಿಕೊಳ್ಳುತ್ತದೆ, ರೊಟ್ಟಿ ಹಂಚಿನ ಮೇಲೆ ಕಂದು ತಿರುಗುವಾಗ ಆಗುವ ಹಾಗೆಯೇ. ಎರಡು ಕಾರ್ಖಾನೆಗಳ ಪುಡಿಯನ್ನು ಅಂಗೈಯಲ್ಲಿ ಹಾಕಿ ನೋಡಿ: ಒಂದು ಹೊಂಬಣ್ಣ, ಇನ್ನೊಂದು ಕಾಫಿಪುಡಿ ಬಣ್ಣ, ಸುಟ್ಟ ವಾಸನೆ. ಲ್ಯಾಬಿನಲ್ಲಿ ಎರಡರ ಪ್ರೋಟೀನ್ ಒಂದೇ ಬಂದೀತು. ಹಂದಿಯ ಕರುಳಿಗೆ ಮಾತ್ರ ಒಂದೇ ಅಲ್ಲ, ಅಂಟಿಕೊಂಡ ಲೈಸಿನ್ ಅದಕ್ಕೆ ದಕ್ಕುವುದಿಲ್ಲ. ಅದಕ್ಕೇ ಡಿಡಿಜಿಎಸ್ ಜೊತೆ ಕೃತಕ ಲೈಸಿನ್ ಬೆರೆಸುತ್ತಾರೆ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ರಂಜಕದ ಕಥೆ. ಜೋಳದ ರಂಜಕದಲ್ಲಿ ಬಹುಪಾಲು ಫೈಟೇಟ್ ರೂಪದಲ್ಲಿ ಬೀಗ ಹಾಕಿಕೊಂಡಿರುತ್ತದೆ. ಅದನ್ನು ತೆರೆಯುವಷ್ಟು ಕಿಣ್ವ ಹಂದಿಯ ಹೊಟ್ಟೆಯಲ್ಲಿಲ್ಲ. ಹೀಗಾಗಿ ಅದು ಸಗಣಿಯಲ್ಲಿ ಹೊರಬಿದ್ದು, ಹೊಲದಿಂದ ಹಳ್ಳ ಸೇರಿ, ನೀರಲ್ಲಿ ಪಾಚಿ ಬೆಳೆಸುತ್ತದೆ. ಕಾರ್ಖಾನೆಯ ಹುದುಗುವಿಕೆ ಆ ಬೀಗವನ್ನು ಸಾಕಷ್ಟು ತೆರೆದಿರುತ್ತದೆ. ರಂಜಕಕ್ಕಾಗಿ ರೈತ ಮೇವಿಗೆ ಹಾಕುವ ಫಾಸ್ಫೇಟ್ ಕಡಿಮೆ ಮಾಡಿದರೂ ನಡೆಯುತ್ತದೆ.

ಇನ್ನು ಪುಡಿಯಲ್ಲಿ ಉಳಿದಿರುವ ಜೋಳದ ಎಣ್ಣೆ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ತಿಂದ ಎಣ್ಣೆಯ ಗುಣವನ್ನೇ ಬದಲಿಸುತ್ತವೆ. ಹಂದಿಗೆ ಆ ವ್ಯವಸ್ಥೆ ಇಲ್ಲ. ತಿಂದ ಜೋಳದ ಎಣ್ಣೆ ಹಾಗೇ ಕೊಬ್ಬಿಗೆ ಸೇರಿ, ಕೊಬ್ಬು ಮೆತ್ತಗಾಗುತ್ತದೆ. ಬೇಕನ್, ಅಂದರೆ ಉಪ್ಪು ಹಾಕಿದ ಹಂದಿಮಾಂಸದ ಪಟ್ಟಿ, ತೆಳ್ಳಗೆ ಕತ್ತರಿಸಲು ಬರುವುದಿಲ್ಲ. ಹಾಗಾಗಿ ಕಸಾಯಿಖಾನೆಗೆ ಕಳಿಸುವ 3-4 ವಾರ ಮುಂಚೆ ಪುಡಿಯನ್ನು ಕಡಿಮೆ ಮಾಡುವುದೋ ನಿಲ್ಲಿಸುವುದೋ ಉಂಟು.

ಪರಿಸರದ ಲೆಕ್ಕದಲ್ಲಿ ಮುಜುಗರದ ಬಾಬತ್ತು ಎಂದರೆ ಒಣಗಿಸುವ ಕೆಲಸ. ಅದಕ್ಕೆ ಗ್ಯಾಸ್ ಸಿಕ್ಕಾಪಟ್ಟೆ ಉರಿಯುತ್ತದೆ. ನೆದರ್ಲೆಂಡ್ಸ್‌ನಲ್ಲಿ ಕಾರ್ಖಾನೆಗಳ ಇಂಥ ಹಸಿ ಗಷ್ಟನ್ನು ಟ್ಯಾಂಕರಿನಲ್ಲಿ ತಂದು, ಪೈಪಿನ ಮೂಲಕ ಹಂದಿಗಳ ಗೋದಲಿಗೇ ಹರಿಸುತ್ತಾರೆ. ಕಾರ್ಖಾನೆ ಹತ್ತಿರದಲ್ಲಿದ್ದರೆ ಮಾತ್ರ ಇದು ಗಿಟ್ಟುತ್ತದೆ. ಹಸಿ ಮಾಲು ಬೇಗ ಕೆಡುತ್ತದೆ, ಸಾಗಿಸುವುದೂ ಹೆಚ್ಚಿನಂಶ ನೀರನ್ನೇ.

ಮೆಕ್ಕೆಜೋಳ ಬೆಳೆಯುವ ದಾವಣಗೆರೆ, ಹಾವೇರಿ ಕಡೆಯವರಿಗೂ ಇದು ದೂರದ ಕಥೆಯಲ್ಲ. ಭಾರತದಲ್ಲೂ ಈಗ ಮೆಕ್ಕೆಜೋಳದಿಂದ ಎಥನಾಲ್ ಆಗುತ್ತಿದೆ. ಇಲ್ಲಿ ಪುಡಿ ಹೋಗುವುದು ಹೆಚ್ಚಾಗಿ ಕೋಳಿಗೆ, ಹಸುವಿಗೆ. ಹಸುವಿಗೆ ಹಾಕುವವರು ರೇಟಿಗಿಂತ ಮೊದಲು ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷದ ಪರೀಕ್ಷೆಯ ವರದಿ ಕೇಳಬೇಕು. ಆ ವಿಷದ ಒಂದಂಶ ಹಾಲಿಗೂ ಇಳಿಯುತ್ತದೆ.