ಗ್ಲಾಕೋಮಾ ಹನಿ: ಕಣ್ಣಿಗೆ ಹಾಕಿದ್ದು ಬಾಯಿಗೆ ಹೇಗೆ ಬಂತು?

"ಹನಿ ಹಾಕಿದ್ದು ಕಣ್ಣಾಗ, ಬಾಯಿ ಯಾಕ ಕಹಿ ಆಗಾಕತ್ತೈತಿ?" ಬ್ಯಾಡಗಿಯ ನಮ್ಮಜ್ಜಿ ಕೇಳಿದ ಪ್ರಶ್ನೆ ಇದು. ಹುಬ್ಬಳ್ಳಿಯಲ್ಲಿ ಫಾರ್ಮಸಿ ಓದುವ ಮೊಮ್ಮಗ ಎದುರಿಗೇ ಕೂತಿದ್ದೆ, ಉತ್ತರ ಹೊಳೆಯಲಿಲ್ಲ. ಔಷಧದ ಪಟ್ಟಿ ಉರು ಹೊಡೆದರೆ ಹೀಗೇ ಆಗುವುದು. ಒಂದು ಹನಿ ಎಲ್ಲೆಲ್ಲಿ ಹೋಗುತ್ತದೆ ಅಂತ ಹಿಂಬಾಲಿಸಿದರೆ ಅಡ್ಡಪರಿಣಾಮಗಳು ತಾವಾಗಿಯೇ ನೆನಪಿರುತ್ತವೆ.

ಮೊದಲು ಬುಡ ನೋಡೋಣ. ಕಣ್ಣಿನೊಳಗೆ ಸದಾ ಒಂದು ತಿಳಿನೀರು ಹುಟ್ಟುತ್ತದೆ, ಸದಾ ಹೊರಗೆ ಹರಿಯುತ್ತದೆ. ಇದು ಕಣ್ಣೀರಲ್ಲ, ಪರೀಕ್ಷೆಯಲ್ಲಿ ಕಲಸಿ ಬರೆಯಬೇಡಿ. ಹೊರದಾರಿ ಕಟ್ಟಿದರೆ ಒತ್ತಡ ಏರುತ್ತದೆ, ದೃಷ್ಟಿಯ ನರ ಸವೆಯುತ್ತದೆ. ಹೀಗೆ ನರ ಸವೆಯುವ ಕಾಯಿಲೆಯೇ ಗ್ಲಾಕೋಮಾ. ಸಾಮಾನ್ಯ ಒತ್ತಡ 10ರಿಂದ 21 ಮಿ.ಮೀ. ಪಾದರಸ. ಅದರೊಳಗೇ ಇದ್ದರೂ ನರ ಕೆಡುವವರಿದ್ದಾರೆ, ಅವರಿಗೂ ಒತ್ತಡ ಇಳಿಸುವುದೇ ಚಿಕಿತ್ಸೆ. ನೀರು ಬಿಡುವ ದಿನ ಕಾಯುವ ಹುಬ್ಬಳ್ಳಿಯವರಿಗೆ ಹೋಲಿಕೆ ಸುಲಭ. ಹನಿಗಳಿಗೆ ಇರುವುದು ಎರಡೇ ಕೆಲಸ: ನಲ್ಲಿ ಸಣ್ಣ ಮಾಡುವುದು, ಇಲ್ಲವೇ ಗಟಾರ ಬಿಡಿಸುವುದು.

ಈಗ ಅಜ್ಜಿಯ ಪ್ರಶ್ನೆ. ಕಣ್ಣಿನ ಮೇಲೆ ಸಾಮಾನ್ಯವಾಗಿ ಇರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್. ಬಾಟಲಿಯಿಂದ ಬೀಳುವ ಹನಿ 30ರಿಂದ 50. ಅಷ್ಟು ಹಿಡಿಯಲು ಜಾಗವೇ ಇಲ್ಲ ಅಲ್ವಾ? ಸ್ವಲ್ಪ ಕೆನ್ನೆಗೆ ಇಳಿಯುತ್ತದೆ. ಇನ್ನು ಸ್ವಲ್ಪ ಮೂಗಿನ ಪಕ್ಕದ ಸಣ್ಣ ತೂತಿನಿಂದ ಮೂಗಿಗೆ, ಅಲ್ಲಿಂದ ಗಂಟಲಿಗೆ. ಕಹಿ ಬಂದದ್ದು ಹಾಗೆ. ಅಜ್ಜಿಯದು ಡೋರ್ಜೊಲಮೈಡ್, ಟಿಮೊಲಾಲ್ ಎರಡೂ ಸೇರಿದ ಹನಿ. ಎರಡೂ ನಲ್ಲಿ ಸಣ್ಣ ಮಾಡುವ ಔಷಧಗಳೇ. ಕಹಿ ಡೋರ್ಜೊಲಮೈಡ್‌ನದ್ದು, ಹಾಕಿದ ಕೂಡಲೇ ಆಗುವ ಉರಿಗೂ ಮುಖ್ಯ ಕಾರಣ ಅದೇ.

ಕಹಿ ಬಿಡಿ, ಸಣ್ಣ ವಿಷಯ. ಹೆದರಬೇಕಾದ್ದು ಟಿಮೊಲಾಲ್‌ಗೆ. ನುಂಗಿದ ಮಾತ್ರೆ ಮೊದಲು ಲಿವರ್ ದಾಟಬೇಕು, ಅಲ್ಲಿ ಒಂದಷ್ಟು ಕರಗಿ ಹೋಗುತ್ತದೆ. ಮೂಗಿನ ಒಳಪೊರೆಯಿಂದ ಒಳಸೇರಿದ ಹನಿಗೆ ಆ ತಪಾಸಣೆ ಇಲ್ಲ, ನೇರ ರಕ್ತಕ್ಕೆ. ಆದ್ದರಿಂದಲೇ ಇಷ್ಟು ಸಣ್ಣ ಹನಿ ನಾಡಿ ನಿಧಾನ ಮಾಡಬಲ್ಲದು, ದಮ್ಮು ಇರುವವರ ಉಸಿರು ಕಟ್ಟಿಸಬಲ್ಲದು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದಾಗ ಆಗುವ ಎದೆಬಡಿತವನ್ನೂ ಮುಚ್ಚಿಡಬಲ್ಲದು. ದಮ್ಮು ಇದ್ದವರಿಗೆ ಟಿಮೊಲಾಲ್ ಕೊಡಬಾರದು. ಬ್ಯಾಡಗಿಯಲ್ಲಿ ಒಂದು ತೊಂದರೆ ಇದೆ. ಅಲ್ಲಿ ಕೆಮ್ಮು ಬಂದರೆ ಮೆಣಸಿನಕಾಯಿ ಘಾಟು ಅಂತ ಎಲ್ಲರೂ ಸುಮ್ನಾಗುತ್ತಾರೆ. "ಕಣ್ಣಿನ ಡಾಕ್ಟರಿಗೆ ಕೆಮ್ಮು ಯಾಕ ಹೇಳಬೇಕು?" ಅಂತ ಅಜ್ಜಿಯೂ ಹೇಳಿರಲಿಲ್ಲ. ಹೇಳಲೇಬೇಕು.

ಲ್ಯಾಟನೊಪ್ರಾಸ್ಟ್ ಗಟಾರ ಬಿಡಿಸುವ ಗುಂಪಿನದು, ದಿನಕ್ಕೊಮ್ಮೆ, ಸಾಮಾನ್ಯವಾಗಿ ರಾತ್ರಿ. ಹೃದಯಕ್ಕೆ, ಉಸಿರಿಗೆ ಇದರ ಕಾಟ ಕಡಿಮೆ. ಬದಲಿಗೆ ಕಣ್ಣು ಕೆಂಪಾಗುತ್ತದೆ, ರೆಪ್ಪೆಗೂದಲು ಉದ್ದ ಬೆಳೆಯುತ್ತದೆ, ಕಣ್ಣಸುತ್ತ ಕಪ್ಪಾಗಬಹುದು. ಕಣ್ಣಿನ ಬಣ್ಣದ ಭಾಗ ಗಾಢವಾದರೆ ಔಷಧ ಬಿಟ್ಟರೂ ಅದು ಉಳಿಯುತ್ತದೆ. ಇದೇ ಗುಂಪಿನ ಬೈಮ್ಯಾಟೊಪ್ರಾಸ್ಟ್ ರೆಪ್ಪೆ ಬೆಳೆಸುವ ಔಷಧವಾಗಿಯೇ ಮಾರಾಟವಾಗುತ್ತದೆ! ಒಬ್ಬರ ಅಡ್ಡಪರಿಣಾಮ ಇನ್ನೊಬ್ಬರ ಶೃಂಗಾರ.

ಇನ್ನೊಂದು ಗ್ಲಾಕೋಮಾ ಹನಿ ಬ್ರಿಮೊನಿಡಿನ್. ಅದರ ಅಡ್ಡಪರಿಣಾಮದ ಬಗ್ಗೆ ಮೂರು ಮಾತು ಸಾಕು: ಬಾಯಿ ಒಣಗುವುದು, ನಿದ್ದೆಮಂಪರು, ಕಣ್ಣಿಗೆ ಅಲರ್ಜಿ. ಎರಡು ವರ್ಷದ ಒಳಗಿನ ಮಕ್ಕಳಿಗೆ ಕೊಡುವಂತಿಲ್ಲ.

ಹಾಕುವ ರೀತಿಯಲ್ಲಿ ನಾನು ಜಾಸ್ತಿ ಒತ್ತಿ ಹೇಳುವುದು ಒಂದನ್ನೇ. ಒಂದೇ ಹನಿ ಹಾಕಿ, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯಬೇಕು. ಮೂಗಿನ ದಾರಿ ಮುಚ್ಚಿದರೆ ರಕ್ತಕ್ಕೆ ಸೇರುವುದು ಕಡಿಮೆ, ಕಣ್ಣಿಗೆ ಸಿಗುವುದು ಹೆಚ್ಚು. ಇನ್ನೊಂದು ಹನಿ ಇದ್ದರೆ ಕನಿಷ್ಠ ಐದು ನಿಮಿಷ ಬಿಟ್ಟು ಹಾಕಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದು ಹಾಕುತ್ತದೆ. ಕೈ ತೊಳೆಯಿರಿ ಅಂತ ಪುಸ್ತಕ ಹೇಳುತ್ತದೆ. ಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದವರಿಗೆ ಅದನ್ನು ಹೇಳಿಕೊಡಬೇಕಿಲ್ಲ, ಒಮ್ಮೆ ಮರೆತರೆ ಕಣ್ಣೇ ಹೇಳಿಕೊಡುತ್ತದೆ.

ಹೋದ ದೃಷ್ಟಿಯನ್ನು ಹನಿ ವಾಪಸ್ ತರುವುದಿಲ್ಲ, ಉಳಿದದ್ದನ್ನು ಕಾಯುತ್ತದೆ ಅಷ್ಟೇ. ಇದನ್ನು ಔಷಧ ಕೊಡುವಾಗಲೇ ಹೇಳದಿದ್ದರೆ ಜನ "ಏನೂ ಫರಕ್ ಆಗಲಿಲ್ಲ" ಅಂತ ತಿಂಗಳೊಳಗೆ ಬಿಟ್ಟುಬಿಡುತ್ತಾರೆ. ಉರಿ ಇದೆ, ಗುಣ ಕಾಣಿಸುವುದಿಲ್ಲ, ಯಾಕೆ ಹಾಕಬೇಕು? ಅವರ ಲೆಕ್ಕವೂ ತಪ್ಪಲ್ಲ. ತಡೆಯಲಾಗದಷ್ಟು ತೊಂದರೆ ಇದ್ದರೆ ಡಾಕ್ಟರ್ ಬೇರೆ ಹನಿಗೆ ಬದಲಿಸಬಹುದು. ತಾವೇ ನಿಲ್ಲಿಸುವುದು ಬೇಡ.

ಅಜ್ಜಿ ಈಗ ಮೂಲೆ ಒತ್ತಿ ಹಿಡಿಯುತ್ತಾಳೆ. ಕಹಿ ಕಮ್ಮಿಯಾಗಿದೆಯಂತೆ. ಆದರೆ ಆ ಮೂರು ನಿಮಿಷ ಮಾತಾಡಬಾರದು ಅಂತ ನಾನೇ ಹೇಳಿದ್ದೇನೆ ಅಂದುಕೊಂಡಿದ್ದಾಳೆ. ಮನೆಯವರು ಯಾರೂ ತಿದ್ದಿಲ್ಲ.