ಬೆಂಕಿ ಬಿದ್ದಾಗ ಕೆಡವಿದ ಮನೆ

ತನ್ನ ಜನರನ್ನೇ ಕೊಲ್ಲುತ್ತಿರುವ ಸರ್ಕಾರದ ಮೇಲೆ ಇನ್ನೊಂದು ದೇಶ ಸೈನ್ಯ ನುಗ್ಗಿಸಿದರೆ ತಪ್ಪೇನು ಸಾರ್? ಅಂತರರಾಷ್ಟ್ರೀಯ ಕಾನೂನಿನ ತರಗತಿಯಲ್ಲಿ ಪ್ರತಿ ವರ್ಷ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. 1971ರ ಬಾಂಗ್ಲಾ ಯುದ್ಧದಿಂದ ನಾನು ಶುರು ಮಾಡುವುದಿಲ್ಲ. ಅಲ್ಲಿ ನಾವೇ ಕಕ್ಷಿದಾರರು, ನಮ್ಮ ಮೊಕದ್ದಮೆಗೆ ನಾವೇ ತೀರ್ಪು ಬರೆದಂತಾಗುತ್ತದೆ. ಅದಕ್ಕಿಂತ ಕಾಂಬೋಡಿಯಾದ ಉದಾಹರಣೆಯೇ ವಾಸಿ.

1975ರ ಏಪ್ರಿಲ್‌ನಿಂದ ನಾಲ್ಕು ವರ್ಷ ತುಂಬುವುದರೊಳಗೆ ಅಲ್ಲಿ ಪೋಲ್ ಪಾಟ್‌ನ ಕಮ್ಯುನಿಸ್ಟ್ ಪಕ್ಷ ಖಮೇರ್ ರೂಜ್‌ನ ಆಡಳಿತದಲ್ಲಿ ಕೊಲೆ, ಹಸಿವು, ಜೀತ, ರೋಗಕ್ಕೆ ಸತ್ತವರು ಅಂದಾಜು 15ರಿಂದ 20 ಲಕ್ಷ. ರಾಜಧಾನಿ ನೋಮ್ ಪೆನ್‌ನ ಒಂದು ಹೈಸ್ಕೂಲನ್ನೇ ಜೈಲು ಮಾಡಿಕೊಂಡಿದ್ದರು. ತರಗತಿಗಳೊಳಗೆ ಇಟ್ಟಿಗೆ ಗೋಡೆ ಎಬ್ಬಿಸಿ ಗೂಡುಗಳು. ಕೈದಿ ಬಂದೊಡನೆ ಫೋಟೊ, ಆಮೇಲೆ ಹಿಂಸೆ ಕೊಟ್ಟು ಬರೆಸಿಕೊಂಡ ತಪ್ಪೊಪ್ಪಿಗೆ, ಆಮೇಲೆ ಸಾವು. ಎಲ್ಲಕ್ಕೂ ಕಡತ. 1978ರ ಡಿಸೆಂಬರ್ 25ರಂದು ವಿಯೆಟ್ನಾಂ ಪೂರ್ಣ ಪ್ರಮಾಣದ ದಾಳಿಗಿಳಿಯಿತು. ಜನವರಿ 7ಕ್ಕೆ ರಾಜಧಾನಿ ಬಿತ್ತು.

ವಿಶ್ವಸಂಸ್ಥೆ ಮಾತ್ರ ಕಾಂಬೋಡಿಯಾದ ಕುರ್ಚಿಯನ್ನು ಪೋಲ್ ಪಾಟ್ ಕಡೆಯವರಿಗೇ ಉಳಿಸಿತು! ಸರ್ಕಾರ ಹೇಯವೆಂಬ ಕಾರಣಕ್ಕೆ ಹೊರಗಿನವರು ಅದನ್ನು ಕೆಡವಬಹುದೆಂದರೆ ಗತಿಯೇನು ಎಂಬ ವಾದ ಭದ್ರತಾ ಮಂಡಳಿಯಲ್ಲಿ ಕೇಳಿಬಂತು. ಹಿಂದೆ ಶೀತಲ ಸಮರದ ಲೆಕ್ಕಾಚಾರವಿತ್ತು, ಆದರೂ ವಾದ ಪೊಳ್ಳಲ್ಲ. ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ ಬಲಪ್ರಯೋಗವನ್ನು ನಿಷೇಧಿಸುತ್ತದೆ. ಆತ್ಮರಕ್ಷಣೆ, ಇಲ್ಲವೇ ಭದ್ರತಾ ಮಂಡಳಿಯ ಅನುಮತಿ, ಇವೆರಡೇ ವಿನಾಯಿತಿ. ವಿಯೆಟ್ನಾಂ ಕೂಡ ಗಡಿ ದಾಳಿಯನ್ನು ಮುಂದಿಟ್ಟು ಆತ್ಮರಕ್ಷಣೆ ಎಂದಿತು, ಸರ್ಕಾರವನ್ನು ಕೆಡವಿದ್ದು ಅಲ್ಲಿನ ಬಂಡುಕೋರರೇ ಎಂದಿತು. ಅದೇ 1979ರಲ್ಲಿ ಸರ್ವಾಧಿಕಾರಿ ಇದಿ ಅಮೀನ್‌ನನ್ನು ಉಗಾಂಡಾದಿಂದ ಓಡಿಸಿದ ತಾಂಜಾನಿಯಾ ಸಹ ತನ್ನ ಕಗೇರಾ ಪ್ರದೇಶದ ಮೇಲಾದ ಆಕ್ರಮಣವನ್ನೇ ತೋರಿಸಿತು.

ನಮ್ಮ ದಂಡ ಸಂಹಿತೆಯ 81ನೇ ಕಲಮಿನಲ್ಲಿ (ಈಗ ಭಾರತೀಯ ನ್ಯಾಯ ಸಂಹಿತೆಯ 19) ಒಂದು ದೃಷ್ಟಾಂತವಿದೆ. ದೊಡ್ಡ ಬೆಂಕಿ ಬಿದ್ದಾಗ ಅದು ಹಬ್ಬದಿರಲೆಂದು ಒಬ್ಬ ಮನೆಗಳನ್ನು ಕೆಡವುತ್ತಾನೆ. ಉದ್ದೇಶ ಶುದ್ಧವಾಗಿದ್ದು, ಅಪಾಯ ಅಷ್ಟು ದೊಡ್ಡದೂ ಅಷ್ಟು ಹತ್ತಿರದ್ದೂ ಆಗಿದ್ದರೆ ಅಪರಾಧವಲ್ಲ. ಅದನ್ನು ತೋರಿಸಿಕೊಡುವ ಹೊಣೆ ಕೆಡವಿದವನದೇ. ದೇಶಗಳಿಗೂ ಇಷ್ಟೇ ಸಾಕೆಂದು ನನ್ನ ಅಭಿಪ್ರಾಯ. ಪತ್ರಿಕೆಗಳ ಬಾಯಿ ಕಟ್ಟಿದ್ದು, ಚುನಾವಣೆ ಕದ್ದದ್ದು, ವಿರೋಧಿಗಳನ್ನು ಜೈಲಿಗಟ್ಟಿದ್ದು ದಬ್ಬಾಳಿಕೆಯೇ ಸರಿ, ಆದರೆ ಟ್ಯಾಂಕು ನುಗ್ಗಿಸಲು ಅವು ಸಾಲವು. ಸಾಮೂಹಿಕ ಕೊಲೆ ಕಣ್ಣೆದುರು ನಡೆಯುತ್ತಿರಬೇಕು. ಮುಂಗಡ ಪರವಾನಗಿಯಂತೂ ಕೂಡದು.

ಭದ್ರತಾ ಮಂಡಳಿಯ ಅನುಮತಿ ಸಿಕ್ಕಾಗ ಏನಾಗುತ್ತದೆಂಬುದನ್ನು ಲಿಬಿಯಾದಲ್ಲಿ ನೋಡಿದ್ದೇವೆ. 2011ರ ಮಾರ್ಚ್‌ನಲ್ಲಿ ಮಂಡಳಿ ಕೈಗೊಂಡ ನಿರ್ಣಯ (ಅದರ ಸಂಖ್ಯೆ 1973) ಬಲಪ್ರಯೋಗಕ್ಕೆ ಕೊಟ್ಟ ಅನುಮತಿ ನಾಗರಿಕರ ರಕ್ಷಣೆಗಷ್ಟೇ ಇತ್ತು. ಭಾರತ ಸೇರಿ ಐದು ದೇಶಗಳು ಮತದಾನದಿಂದ ದೂರ ಉಳಿದವು. ಅಕ್ಟೋಬರ್ ಹೊತ್ತಿಗೆ ಅಲ್ಲಿನ ಸರ್ವಾಧಿಕಾರಿ ಗಡಾಫಿ ಹತನಾಗಿದ್ದ. ಕೆಲವೇ ವರ್ಷಗಳಲ್ಲಿ ಒಂದು ದೇಶಕ್ಕೆ ಎರಡು ಸರ್ಕಾರ.

ವಿಯೆಟ್ನಾಂ ಸೈನ್ಯವೂ 1989ರವರೆಗೆ ಕಾಂಬೋಡಿಯಾ ಬಿಡಲಿಲ್ಲ. ಮೊದಲ ಎರಡು ವಾರವನ್ನು ನಾನು ಮನ್ನಿಸುತ್ತೇನೆ, ಮುಂದಿನ ಹತ್ತು ವರ್ಷವನ್ನಲ್ಲ ಎಂದರೆ ಹುಡುಗರು ಒಪ್ಪುವುದಿಲ್ಲ. ಬಿಟ್ಟುಬಂದಿದ್ದರೆ ಥಾಯ್ಲೆಂಡ್ ಗಡಿಯಲ್ಲಿ ಕಾದು ಕೂತಿದ್ದ ಪೋಲ್ ಪಾಟ್ ಪಡೆ ಮತ್ತೆ ಬರುತ್ತಿರಲಿಲ್ಲವೇ ಎನ್ನುತ್ತಾರೆ. ಬರುತ್ತಿತ್ತೇನೋ. ಆ ಪಡೆಗೆ ಶಸ್ತ್ರ ಕೊಟ್ಟದ್ದು ಚೀನಾ, ವಿಶ್ವಸಂಸ್ಥೆಯಲ್ಲಿ ಅದರ ಕುರ್ಚಿಗೆ ಮತ ಹಾಕಿದವರಲ್ಲಿ ಅಮೆರಿಕವೂ ಇತ್ತು. ಆ ಹತ್ತು ವರ್ಷದ ಲೆಕ್ಕವನ್ನು ವಿಯೆಟ್ನಾಂ ಒಂದನ್ನೇ ಕೇಳುವಂತಿಲ್ಲ.